ದೊಡ್ಡಮ್ಮನ ಮಹಡಿಯ ದೀಪ

ಗಾಳಿಯ ನಡುಕ ಅಳೆಯುವುದು ನನ್ನ ಉದ್ಯೋಗ ಎಂದು ನೆಂಟರ ಮುಂದೆ ಹೇಳಿಕೊಳ್ಳಲು ನನಗೆ ಈಗಲೂ ಸಂಕೋಚ. ಬಿಸಿಲಲ್ಲಿ ಟಾರು ರಸ್ತೆಯ ಮೇಲೆ ಎದುರಿನ ಬಸ್ಸು ಬಳುಕಿದಂತೆ ಕಾಣುತ್ತದಲ್ಲ, ರಾತ್ರಿ ನಕ್ಷತ್ರ ಮಿನುಗುತ್ತದಲ್ಲ, ಎರಡಕ್ಕೂ ಆ ನಡುಕವೇ ಕಾರಣ. ದೂರದರ್ಶಕ ಕಟ್ಟುವವರಿಗೆ ಅದು ಹಗಲೆಷ್ಟು, ರಾತ್ರಿಯೆಷ್ಟು ಎಂದು ಗೊತ್ತಾಗಬೇಕು. ಅದಕ್ಕೆ ಒಂದು ಕಡೆ ದೀಪವಿಟ್ಟು, ದೂರದಲ್ಲಿ ಕ್ಯಾಮೆರಾ ಕೂರಿಸಿ, ಬೆಳಕು ಎಷ್ಟು ಅಲ್ಲಾಡಿತೆಂದು ನೋಡುತ್ತಿರಬೇಕು.

ಕ್ಯಾಮೆರಾ ನಮ್ಮ ಮಹಡಿಯ ಮೇಲೆ ಕೂತಿತು. ದೀಪಕ್ಕೆ ಹೆಂಡತಿಯ ದೊಡ್ಡಮ್ಮ, ಜಡಿಗೇನಹಳ್ಳಿಯ ನಂಜಮ್ಮನವರ ಮಹಡಿ ಸಿಕ್ಕಿತು. ನಡುವೆ ಬರೀ ರಾಗಿ ಹೊಲ. ರಾತ್ರಿಯ ಅಳತೆ ಚೆನ್ನಾಗಿ ಬಂತು. ಬೆಳಗಾದರೆ ಮಾತ್ರ ದೀಪ ಮಾಯ. ಸೂರ್ಯನ ಬೆಳಕಲ್ಲಿ ಅದು ಮುಳುಗಿಹೋಗುತ್ತಿದೆ ಎಂದು ತೀರ್ಮಾನಿಸಿ ಫಿಲ್ಟರ್ ಬದಲಿಸಿದೆ, ಕ್ಯಾಮೆರಾಕ್ಕೆ ಕಪ್ಪು ಬಟ್ಟೆ ಸುತ್ತಿದೆ, ಅದರ ಪಕ್ಕ ಕೊಡೆ ಹಿಡಿದು ನಿಂತೆ. ಎದುರುಮನೆಯವರು ನನ್ನ ಹೆಂಡತಿಯನ್ನು ಕರೆದು, ಯಜಮಾನರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿದರಂತೆ. ಅಷ್ಟರಲ್ಲಿ ನಮ್ಮ ಸಂಸ್ಥೆಯ ಮುಖ್ಯಸ್ಥರು ಫೋನು ಮಾಡಿ, ಹಗಲಿನ ಅಳತೆ ಸಿಗದಿದ್ದರೆ ಶನಿವಾರ ಬಂದು ಸಲಕರಣೆ ಎತ್ತಿಕೊಂಡು ಹೋಗುವುದಾಗಿ ಹೇಳಿದರು.

ಕೊನೆಗೆ ಮಟಮಟ ಮಧ್ಯಾಹ್ನ ಸ್ಕೂಟರ್ ಹತ್ತಿ ಜಡಿಗೇನಹಳ್ಳಿಗೆ ಹೋದೆ. ಮಹಡಿ ಹತ್ತಿ ನೋಡಿದರೆ ದೀಪವೇ ಆರಿದೆ.

"ಹಗಲೊತ್ತು ದೀಪ ಯಾರ್ಗ್ ಕಾಣ್ಬೇಕು ಅಳಿಯಂದ್ರೆ?" ಎಂದರು ದೊಡ್ಡಮ್ಮ. "ದಿನಾ ಬೆಳಿಗ್ಗೆ ಆರಿಸ್ತೀನಿ. ಸಂಜೆ ಮರೀದೆ ನಾನೇ ಹಾಕ್ತಿದ್ನಲ್ಲ."

ಹೆಂಡತಿಯ ದೊಡ್ಡಮ್ಮನನ್ನು ಬೈಯುವ ಧೈರ್ಯ ಯಾವ ಅಳಿಯನಿಗಿದೆ? ದೀಪ ಹಾಕಿ, ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು, ನಮ್ಮ ಕ್ಯಾಮೆರಾದ ಪರದೆ ತೋರಿಸಿದೆ. ಉರಿಬಿಸಿಲಲ್ಲಿ ದೀಪ ಚೆನ್ನಾಗಿಯೇ ಕಾಣುತ್ತಿತ್ತು. ಜೊತೆಗೆ ಅವರ ಮನೆಯ ಗೋಡೆ, ನೀರಿನ ತೊಟ್ಟಿ, ಒಣಹಾಕಿದ ಸೀರೆ, ಎಲ್ಲವೂ ಅಲೆಅಲೆಯಾಗಿ ತೇಲುತ್ತಿದ್ದವು. ದೊಡ್ಡಮ್ಮ ಬಹಳ ಹೊತ್ತು ಕಣ್ಣು ಕೀಳಲಿಲ್ಲ.

"ನಮ್ಮನೆ ಕುಣೀತೈತೆ ಕಣಪ್ಪಾ," ಎಂದರು ಮೆಲ್ಲಗೆ.

ಅಂದಿನಿಂದ ಆ ಸ್ವಿಚ್ಚಿನ ಹತ್ತಿರ ಯಾರೂ ಸುಳಿಯದಂತೆ ಅವರೇ ಕಾವಲು ನಿಂತರು. ಶನಿವಾರ ಮುಖ್ಯಸ್ಥರು ಬಂದಾಗ ಹಗಲೂ ರಾತ್ರಿಯೂ ಎಲ್ಲೂ ತುಂಡಾಗದ ನಡುಕದ ಗೆರೆ ಪರದೆಯ ಮೇಲಿತ್ತು. ನಡುಹಗಲಲ್ಲಿ ಏರಿ, ಸೂರ್ಯ ಮುಳುಗುವ ಹೊತ್ತಿಗೆ ತಣ್ಣಗೆ ಇಳಿದು, ರಾತ್ರಿ ಮತ್ತೆ ತುಸು ತಲೆಯೆತ್ತುವ ಅಂಥ ಚೆಂದದ ಗೆರೆಯನ್ನು ನಾನು ಕಂಡಿರಲಿಲ್ಲ. ಅವರು ನನ್ನ ಕೈ ಕುಲುಕಿ, ಸಲಕರಣೆ ಇಲ್ಲೇ ಇರಲಿ ಎಂದರು. ನಾನು ನೆಲದಿಂದ ಒಂದು ಗೇಣು ಮೇಲೆಯೇ ನಡೆದಾಡಿದೆ.

ಮೊನ್ನೆ ಜಡಿಗೇನಹಳ್ಳಿಗೆ ಹೋದಾಗ ದೊಡ್ಡಮ್ಮನ ಜಗಲಿ ತುಂಬ ನೆಂಟರು. ಅವರಿಗೆಲ್ಲ ದೊಡ್ಡಮ್ಮ ನನ್ನನ್ನು ಹೆಮ್ಮೆಯಿಂದ ಪರಿಚಯಿಸಿದರು: "ಗಾಳಿ ಅಳೆಯೋ ಕೆಲ್ಸ ನಂದು. ಇವ್ರು ನಮ್ಮ ಅಳಿಯಂದ್ರು, ಆ ಕಡೆಯಿಂದ ನೋಡ್ಕತಾರೆ."