ಬೆಂಚಿನ ಇನ್ನೊಂದು ತುದಿ

ಒಂದೇ ಒಂದು ರೋಲ್ ಫಿಲ್ಮಿನಲ್ಲಿ ಹೆಂಡತಿಯನ್ನು ಮೈಸೂರಿನಿಂದ ವಾಪಸ್ ಕರೆಸಿಕೊಳ್ಳುತ್ತೇನೆಂದು ನಾನು ಭೀಷ್ಮಪ್ರತಿಜ್ಞೆ ಮಾಡಿದೆ! ನಮ್ಮೂರು ಕೇಣಿಚಿರದ ಸುತ್ತಮುತ್ತ ಕ್ಯಾಮೆರಾ ಇದ್ದವನು ನಾನೊಬ್ಬನೇ. ಆದ್ದರಿಂದ ಅತ್ಯುತ್ತಮ ಫೋಟೋಗ್ರಾಫರನೂ ನಾನೇ!

ಅದು ನಕ್ಸಲೀಯರ ಗಲಾಟೆಯ ಕಾಲ. ಗದ್ದೆ, ಕಾಫಿತೋಟ ಇದ್ದವರ ಮನೆಗೆ ನುಗ್ಗುತ್ತಾರೆಂಬ ಸುದ್ದಿ ಹಬ್ಬಿದ್ದೇ ತಡ, ನನ್ನ ಹೆಂಡತಿ ಕುಸುಮಾವತಿ ಅಣ್ಣನ ಮನೆಗೆ ಹೊರಟಳು. "ಊರು ತಣ್ಣಗಾಗ್ಲಿ, ಬರ್ತೇನೆ" ಎಂದಳು. ಅವಳ ಬದಲಿಗೆ ಸರ್ಕಾರ ನಮ್ಮ ಜಗಲಿಗೆ ಕುಂಞಿರಾಮನ್ ಎಂಬ ಪೊಲೀಸನನ್ನು ಕಾವಲು ಹಾಕಿತು. ನಮ್ಮದು ಜೈನ ಗೌಡರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಒಬ್ಬನೇ ಉಂಡು ಎದ್ದ ಮೇಲೆ ಉಳಿಯುವ ಸಂಜೆ ಎಷ್ಟು ಉದ್ದವೆಂದು ಆಗಲೇ ಗೊತ್ತಾದದ್ದು. ಮಾತಿಗೆ ಇದ್ದದ್ದು ಹಸು ಮತ್ತು ಕುಂಞಿರಾಮನ್. ಇಬ್ಬರಲ್ಲಿ ಹಸುವೇ ವಾಚಾಳಿ!

ಊರು ಶಾಂತವಾಗಿದೆಯೆಂದು ಫೋಟೋದಲ್ಲೇ ತೋರಿಸಿಬಿಡೋಣವೆಂದು ಅಂಗಳ, ಹಸು, ಒಣಹಾಕಿದ ಕಾಫಿ ಎಲ್ಲವನ್ನೂ ಕ್ಲಿಕ್ಕಿಸಿದೆ. ಬತ್ತೇರಿ ಪೇಟೆಯ ಸ್ಟುಡಿಯೋದಿಂದ ಪ್ರಿಂಟು ಬಂದ ದಿನ ಕುಂಞಿರಾಮನ್ ಮುಂದೆ ಹರಡಿದೆ.

"ಮುಲಾಜಿಲ್ಲದೆ ತಪ್ಪು ಹೇಳ್ಬೇಕು! ಟೀಕೆ ಸಹಿಸದವನು ಕಲಾವಿದನೇ ಅಲ್ಲ!"

ಹೀಗೆ ಹೇಳುವವರೆಲ್ಲ ಹೊಗಳಿಕೆಗೆ ಕಾದಿರುತ್ತಾರೆಂದು ನಿಮಗೆ ಗೊತ್ತು. ಅವನಿಗೆ ಗೊತ್ತಿರಲಿಲ್ಲ. ಕಾಸರಗೋಡಿನ ಕಡೆಯವನು, ದುರದೃಷ್ಟಕ್ಕೆ ಕನ್ನಡವೂ ಬರುತ್ತಿತ್ತು.

"ಹಸುವಿಗೆ ತಲೆ ಇಲ್ಲ, ಗೌಡ್ರೇ."

"ಬೇರೆ?"

"ಇದ್ರಲ್ಲಿ ನಿಮ್ಮ ಬೆರಳು ಉಂಟು."

"ಬೇರೆ?"

"ಎಲ್ಲಾದ್ರಲ್ಲೂ ನಾನಿದ್ದೇನೆ. ಇಲ್ಲಿ ತೊಪ್ಪಿ. ಇಲ್ಲಿ ಬೂಟ್ಸು. ಕಾಫಿಯ ಹಿಂದೆ ನನ್ನ ಬಂದೂಕು. ಇದನ್ನ ಕಂಡ್ರೆ ನನ್ನ ಹೆಂಡ್ತಿಯೂ ಬರ್ಲಿಕ್ಕಿಲ್ಲ!"

ಟೀಕೆಯನ್ನು ಸ್ವಾಗತಿಸುವ ಈ ಕಲಾವಿದ ಆ ಕ್ಷಣವೇ ಅವನ ಸಂಜೆಯ ಕಾಫಿ ಬಂದ್ ಮಾಡಿದ! ಆಮೇಲೆ ಅವನು ಜಗಲಿಯ ಆ ಕಡೆ, ನಾನು ಈ ಕಡೆ, ಮುಖ ಊದಿಸಿಕೊಂಡು ಕೂತೆವು. ಮೊದಲೇ ಬಿಕೋ ಎನ್ನುತ್ತಿದ್ದ ಮನೆ. ಇದ್ದೊಬ್ಬನನ್ನೂ ಕಳೆದುಕೊಂಡೆನಲ್ಲ ಎಂದು ಸಂಕಟವಾಯಿತು. ಕೊನೆಗೆ ನಾನೇ ಸೋತು, ಒಂದು ಕೈಯಲ್ಲಿ ಕಾಫಿ, ಇನ್ನೊಂದು ಕೈಯಲ್ಲಿ ಹೊಸ ರೋಲ್ ಹಾಕಿದ ಕ್ಯಾಮೆರಾ ಹಿಡಿದುಕೊಂಡು ಹೋದೆ.

"ಅಷ್ಟು ಗೊತ್ತಿದ್ರೆ ನೀವೇ ಒಂದು ತೆಗೀರಿ, ನೋಡೋಣ!"

ನಾನು ಮತ್ತೆ ಜಗಲಿಯ ಬೆಂಚಿನ ಮೇಲೆ ಕೂತದ್ದೇ ತಡ, ಅವನು ನನ್ನನ್ನೇ ತೆಗೆದ. ಉಳಿದದ್ದನ್ನೆಲ್ಲ ನಾನು ಮುಗಿಸಿದೆ, ಈ ಸಲ ಪೊಲೀಸನ ಅಂಗಿಯ ಗುಂಡಿಯೂ ಕಾಣದಂತೆ! ಪ್ರಿಂಟು ಬಂದಾಗ ಟೀಕೆಯ ಸರದಿ ನನ್ನದು.

"ಏನ್ರೀ ಇದು! ನಾನು ಮೂಲೆಯಲ್ಲಿ, ಅರ್ಧ ಫೋಟೋ ಬರೀ ಬೆಂಚು! ಯಾರಿಗೆ ಬಿಟ್ಟಿದ್ದೀರಿ ಇಷ್ಟು ಜಾಗ?"

"ನಾನು ಬಿಟ್ಟದ್ದಲ್ಲ, ಗೌಡ್ರೇ. ನೀವು ದಿವಸಾ ಅಲ್ಲೇ ಕೂರೋದು. ಒಂದು ದಿವಸವೂ ನಡುವಿಗೆ ಬಂದದ್ದು ನಾನು ಕಂಡಿಲ್ಲ."

"ಬೆಳಕೂ ಸರಿ ಇಲ್ಲ" ಎಂದು ಗೊಣಗಿ ಒಳಗೆ ಹೋದೆ.

ನನ್ನ ಮಹಾಕೃತಿಗಳನ್ನು ಮೈಸೂರಿಗೆ ಅಂಚೆಗೆ ಹಾಕಿದೆ. ಕೆಟ್ಟ ಫೋಟೋ ಹೇಗಿರುತ್ತದೆಂದು ಅವಳಿಗೂ ತಿಳಿಯಲಿ ಎಂದು ಅವನದನ್ನೂ ಸೇರಿಸಿದೆ.

ಮುಂದಿನ ವಾರ ಕುಸುಮಾವತಿ ಟ್ರಂಕಿನ ಸಮೇತ ಅಂಗಳದಲ್ಲಿ ಪ್ರತ್ಯಕ್ಷ! ನಾನು ಎದೆಯುಬ್ಬಿಸಿದೆ.

"ನೋಡಿದ್ಯಾ ನನ್ನ ಫೋಟೋಗಳ ಪ್ರಭಾವ!"

"ನಿಮ್ಮ ಫೋಟೋಗಳಾ? ಮನೆ ವಾರೆಯಾಗಿದ್ದನ್ನ ಕಂಡು, ನಕ್ಸಲೀಯರು ಬೀಳಿಸಿಬಿಟ್ರಾ ಅಂತ ಅಣ್ಣ ಗಾಬರಿಯಾದ. ಹಸುವಿಗಂತೂ ತಲೆಯೇ ಇಲ್ಲ!"

"ಮತ್ತೆ ಯಾಕೆ ಬಂದೆ?"

ಅವಳು ಸೆರಗಿನ ಮರೆಯಿಂದ ಆ ಬೆಂಚಿನ ಫೋಟೋ ತೆಗೆದಳು.

"ಇದೊಂದನ್ನ ಮಾತ್ರ ಚೆನ್ನಾಗಿ ತೆಗೆದಿದ್ದೀರಿ."

ಕಂಬದ ಹಿಂದೆ ಕುಂಞಿರಾಮನ್ ಸಣ್ಣಗೆ ಕೆಮ್ಮಿದ. ವಿಧಿಯಿಲ್ಲದೆ ಅವನ ಕಡೆ ಕೈ ತೋರಿಸಿದೆ.

ಅಂದು ಇಬ್ಬರೂ ಉಂಡ ಮೇಲೆ ಬೆಳಕಿನ್ನೂ ಇತ್ತು. ಅವಳು ಬೆಂಚಿನ ಆ ತುದಿಯಲ್ಲಿ, ತನ್ನ ಜಾಗದಲ್ಲಿ ಕೂತಳು. ಇಂಥ ದೃಶ್ಯವನ್ನು ಬಿಡುವುದುಂಟೇ? ನಾನು ಓಡಿಹೋಗಿ ಕ್ಯಾಮೆರಾ ತಂದು ಒಂದು ಕಣ್ಣು ಮುಚ್ಚಿದೆ.

"ಅದನ್ನ ಅವರ ಕೈಗೆ ಕೊಡಿ!" ಎಂದಳು ಕುಸುಮಾವತಿ. "ನನ್ನ ತಲೆ ನನಗೆ ಬೇಕು. ನೀವು ಬಂದು ಕೂತ್ಕೊಳ್ಳಿ."