ಸೀಮೆಎಣ್ಣೆಯನ್ನೂ ಸಾವಯವ ಮಾಡಿದ ಇಂಗಾಲದವರಿಗೆ

ಶ್ರೀಮಾನ್ ಇಂಗಾಲದವರಿಗೆ,
ಮೂಲಧಾತುಗಳ ಪಟ್ಟಿ, ಆರನೆಯ ಮನೆ.

ಮಾನ್ಯರೇ,

ಏಳನೆಯ ತರಗತಿಯಲ್ಲೇ ಲೋಕದ ವಿಜ್ಞಾನವನ್ನೆಲ್ಲ ಅರೆದು ಕುಡಿದು, ಇನ್ನು ಕಲಿಸಲು ತಮ್ಮಲ್ಲಿ ಏನೂ ಉಳಿದಿಲ್ಲವೆಂದು ಊರ ಶಾಲೆಯ ಮೇಷ್ಟರೇ ಕೈಮುಗಿದು ಬೀಳ್ಕೊಟ್ಟದ್ದರಿಂದ ತರಕಾರಿ ವ್ಯಾಪಾರಕ್ಕಿಳಿದವನೂ, ಇಂದಿಗೂ ಬದನೆಕಾಯಿಯನ್ನು ಕಣ್ಣಿನಲ್ಲೇ ತೂಗಬಲ್ಲವನೂ ಆದ ನಾನು, ತಮ್ಮ ನಾಲ್ಕೂ ಕೈಗಳ ಕುಶಲ ವಿಚಾರಿಸಿ, ತಮ್ಮ ಸಕಲ ಬಂಧುಬಳಗಕ್ಕೆ, ಅಂದರೆ ಹೆಚ್ಚುಕಡಿಮೆ ಇಡೀ ಲೋಕಕ್ಕೆ, ನಮಸ್ಕರಿಸಿ ಮಾಡಿಕೊಳ್ಳುವ ಬಿನ್ನಹವೇನೆಂದರೆ:

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ನನ್ನ ಅಂಗಡಿಯ ಎದುರಿಗೇ ರಸ್ತೆಯ ಆಚೆ ಬದಿಯಲ್ಲಿ ತಾನೂ ಒಂದು ತರಕಾರಿ ಅಂಗಡಿ ತೆರೆದು, ಅದರ ನೆತ್ತಿಯ ಮೇಲೆ ‘ಅಪ್ಪಟ ಸಾವಯವ, ರಾಸಾಯನಿಕದ ಸೋಂಕೂ ಇಲ್ಲ’ ಎಂಬ ಹಸಿರು ಫಲಕ ಏರಿಸಿದನು. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಕೊಸರು ಹಾಕಿಸಿಕೊಳ್ಳದೆ ನನ್ನ ಮೆಟ್ಟಿಲಿಳಿಯದಿದ್ದ ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಹೊಲಿಗೆಯಮ್ಮನಂಥ ಹೊಲಿಗೆಯಮ್ಮನೇ ಅಲ್ಲಿ ಹೆಚ್ಚು ಬೆಲೆ ಕೊಟ್ಟು, ಕೊಸರಿನ ಮಾತೇ ಎತ್ತದೆ, ಹುಳ ಕೊರೆದ ಕೋಸನ್ನು ಹಸುಗೂಸಿನಂತೆ ಎತ್ತಿಕೊಂಡು ಹೋಗುವುದನ್ನು ಕಂಡ ದಿನ, ಹೀಗೇ ಬಿಟ್ಟರೆ ಅಂಗಡಿಯ ಬೀಗದ ಕೈಯನ್ನು ಮಾಲೀಕರ ಕೈಗೆ ಒಪ್ಪಿಸಿ ಮನೆಯಲ್ಲಿ ಕೂರಬೇಕಾದೀತೆಂದು ನನಗೆ ಖಾತ್ರಿಯಾಯಿತು.

ಅಂಥ ಹೊತ್ತಿನಲ್ಲೇ ವಿಶ್ವವಿದ್ಯಾಲಯದ ಗೋಡೆಯ ಮೇಲೆ ‘ಸಾವಯವ ರಸಾಯನಶಾಸ್ತ್ರ ಪರಿಚಯ, ಸಂಜೆ ತರಗತಿ, ಯಾರು ಬೇಕಾದರೂ ಸೇರಬಹುದು, ಪಾಸಾದವರಿಗೆ ಪ್ರಮಾಣಪತ್ರ’ ಎಂಬ ಪ್ರಕಟಣೆ ಕಣ್ಣಿಗೆ ಬಿತ್ತು. ‘ಸಾವಯವ’ವನ್ನು ಓದಿದೆ, ‘ಪ್ರಮಾಣಪತ್ರ’ವನ್ನು ಓದಿದೆ, ನಡುವೆ ನುಸುಳಿದ್ದ ‘ರಸಾಯನ’ವನ್ನು ಅಚ್ಚಿನ ತಪ್ಪೆಂದು ಉದಾರವಾಗಿ ಕ್ಷಮಿಸಿದೆ.

ಮೊದಲ ದಿನ ಮುಂದಿನ ಬೆಂಚಿನಲ್ಲಿ ಕುಳಿತು, ಸೆಗಣಿ ಗೊಬ್ಬರದ ಮಾತು ಈಗ ಬಂದೀತು, ಆಗ ಬಂದೀತು ಎಂದು ಕಾದೆ. ಬಂದದ್ದು ತಾವು. ಪಾಠ ಮಾಡುವ ಮೇಡಂ ಕಪ್ಪುಹಲಗೆಯ ಮೇಲೆ ತಮಗೆ ನಾಲ್ಕು ಕೈ ಬರೆದು, ಒಂದೊಂದಕ್ಕೂ ಒಂದೊಂದು ಜಲಜನಕವನ್ನು ಹಿಡಿಸಿದರು. ಅಷ್ಟಕ್ಕೇ ನಿಲ್ಲದೆ ಮುಂದಿನ ವಾರ ತಾವು ಆರು ಜನ ಕೈಕೈ ಹಿಡಿದು ಉಂಗುರ ಕಟ್ಟಿ ನಿಂತಿರಿ. ಇದರಲ್ಲಿ ಪಕ್ಕದವರನ್ನು ಒಂದು ಕೈಯಲ್ಲಿ ಹಿಡಿದವರಾರು, ಎರಡು ಕೈಯಲ್ಲಿ ಹಿಡಿದವರಾರು ಎಂದು ಕೇಳಿದ್ದಕ್ಕೆ ಮೇಡಂ, “ಹಾಗೆಲ್ಲ ಹೇಳಕ್ಕಾಗಲ್ಲ, ಎಲ್ಲರದ್ದೂ ಒಂದೂವರೆ ಅಂದ್ಕೊಳ್ಳಿ” ಎಂದರು. ಒಂದೂವರೆ ಕೈ! ತಕ್ಕಡಿ ಹಿಡಿದು ನಾನು ಈ ಮಾತಾಡಿದ್ದರೆ ಗಿರಾಕಿಗಳು ಅಂಗಿ ಹರಿಯುತ್ತಿದ್ದರು. ಮೇಡಂ ಆಡಿದ್ದಕ್ಕೆ ತರಗತಿಯೆಲ್ಲ ತಲೆಬಾಗಿಸಿ ಬರೆದುಕೊಂಡಿತು.

ತಾಳ್ಮೆಗೂ ಒಂದು ಮಿತಿಯಿದೆಯಲ್ಲವೇ, ಎದ್ದುನಿಂತು ಹುಳಕ್ಕೆ ಹೊಡೆಯುವ ಔಷಧಿಯ ವಿಚಾರವನ್ನೇ ನೇರವಾಗಿ ಕೇಳಿದೆ. “ಅದರಲ್ಲೂ ಇಂಗಾಲ ಇದೆಯಲ್ಲ ಯಜಮಾನ್ರೇ, ಅದೂ ಸಾವಯವಾನೇ. ಸೀಮೆಎಣ್ಣೆ ಸಾವಯವ, ನಿಮ್ಮ ಪ್ಲಾಸ್ಟಿಕ್ ಚೀಲಾನೂ ಸಾವಯವ. ಆದ್ರೆ ನಮ್ಮ ಶಾಸ್ತ್ರದಲ್ಲಿ ಆ ಪದದ ಅರ್ಥವೇ ಬೇರೆ” ಎಂದರು. ಕೊನೆಯ ವಾಕ್ಯ ನನಗೆ ಕೇಳಿಸಲಿಲ್ಲ; ಸಂತೋಷ ಉಕ್ಕಿದಾಗ ನನಗೆ ಕಿವಿ ಮುಚ್ಚಿಹೋಗುವ ವಾಡಿಕೆಯಿದೆ.

ಮಾನ್ಯರೇ, ಹೂವಿನಲ್ಲೂ ವಿಷದಲ್ಲೂ ಭೇದವೆಣಿಸದೆ ನೆಲೆಸಿದ ತಮ್ಮ ಔದಾರ್ಯವನ್ನು ಎಷ್ಟು ಹೊಗಳಿದರೂ ಬಾಯಿ ದಣಿಯದು. ಆ ಔದಾರ್ಯವನ್ನೇ ನಂಬಿ ಷಡ್ಡಕನದಕ್ಕಿಂತ ಇಮ್ಮಡಿ ದೊಡ್ಡದಾದ ಫಲಕವೊಂದನ್ನು ಬರೆಸಿದೆ: ‘ವಿಶ್ವವಿದ್ಯಾಲಯದ ಶಾಸ್ತ್ರದ ಪ್ರಕಾರ ಇಲ್ಲಿ ಎಲ್ಲವೂ ಸಾವಯವ. ಚೀಲವೂ ಸಹ.’ ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಓದಿ, “ರೀ, ಸುಳ್ಳು ಹೇಳೋದಾದ್ರೆ ಚೀಲದ ತನಕ ಯಾಕೆ ಎಳೀತೀರಿ?” ಎಂದಳು. ಶಾಸ್ತ್ರವನ್ನು ಅರ್ಧಕ್ಕೆ ನಿಲ್ಲಿಸುವುದು ಪಂಡಿತರ ಲಕ್ಷಣವಲ್ಲವೆಂದು ಅವಳಿಗೆ ತಿಳಿಹೇಳಿದೆ. ಗಿರಾಕಿಗಳು ಮರಳಿದರು. ಹೊಲಿಗೆಯಮ್ಮ ಬಂದರು, ಬಂದವರೇ ಕೊಸರು ಕೇಳಿದರು, ನನ್ನ ಕಣ್ಣು ತುಂಬಿಬಂತು. ಅವರ ಬೆನ್ನಿಗೇ ಚೀಲವಿಲ್ಲದೆ ಬರೀ ಪೆನ್ನು ಹಿಡಿದು ನಿಂತಿದ್ದವರು ಮಾತ್ರ ಆಹಾರ ತಪಾಸಣೆಯ ಸಾಹೇಬರು.

ಅವರಿಗೆ ತಮ್ಮ ನಾಲ್ಕು ಕೈಯ ಮಹಿಮೆಯನ್ನು ಬಿಡಿಸಿ ಹೇಳಿದೆ, ಕಾಗದದ ಪೊಟ್ಟಣದ ಮೇಲೆ ಉಂಗುರವನ್ನೂ ಬರೆದು ತೋರಿಸಿದೆ. ಅವರು ಕೊನೆಯವರೆಗೂ ಕೇಳಿ, “ಪಾಠ ಚೆನ್ನಾಗಿ ಮಾಡ್ತೀರಿ. ಈಗ ಇದನ್ನ ಸಾವಯವವಾಗಿ ಬೆಳೆದವರ ಕಾಗದ ತೋರಿಸಿ” ಎಂದರು. ನನ್ನಲ್ಲಿದ್ದದ್ದು ಉಂಗುರ ಬರೆದ ಪೊಟ್ಟಣವೊಂದೇ. ದಂಡದ ಚೀಟಿ ಹರಿದುಕೊಟ್ಟು, ಫಲಕ ಇಳಿಸಿ, ರಸ್ತೆ ದಾಟಿ, ಷಡ್ಡಕನ ಕಾಗದಪತ್ರಗಳೆಲ್ಲ ನೆಟ್ಟಗಿರುವುದನ್ನು ಕಂಡು, ಅವನಲ್ಲೇ ಟೊಮೇಟೊ ಕೊಂಡುಹೋದರು. ಅವನಾದರೋ ಸಂಜೆ ಬಂದು, “ಅಣ್ಣಾ, ಒಂದು ಮಾತು ಕೇಳಿದ್ರೆ ಬೆಳೆಯೋರ ನಂಬರು ನಾನೇ ಕೊಡ್ತಿದ್ನಲ್ಲ” ಎಂದನು. ಕಪಾಳಕ್ಕೆ ಬಾರಿಸಿದ್ದರೆ ಇದಕ್ಕಿಂತ ಹಿತವಾಗಿರುತ್ತಿತ್ತು.

ಪರೀಕ್ಷೆಯಲ್ಲಾದರೂ ತಾವು ಕೈಹಿಡಿಯುವಿರೆಂದು ನಂಬಿದ್ದೆ. ಬಟ್ಟೆ ಒಗೆಯುವ ಸೋಡಾ ಸಾವಯವವೇ ಎಂಬ ಪ್ರಶ್ನೆ ಬಂತು. ಅದರೊಳಗೆ ತಾವು ಕೂತಿರುವುದನ್ನು ನಾನೇ ಬಲ್ಲೆನಾದ್ದರಿಂದ, ಹೌದು, ಇದಕ್ಕೆ ನಾನೇ ಸಾಕ್ಷಿ ಎಂದು ಬರೆದೆ. ತಪ್ಪಂತೆ. ಅಲ್ಲಿ ತಾವಿದ್ದೂ ಇಲ್ಲದವರ ಲೆಕ್ಕವಂತೆ. ಲೋಕವನ್ನೆಲ್ಲ ಸಾವಯವ ಮಾಡಿ, ನನಗೆ ಅಂಕ ಬರುವ ಒಂದೇ ಒಂದು ಕಡೆ ಸುಮ್ಮನೆ ಕೂತ ತಮ್ಮ ನಿಷ್ಪಕ್ಷಪಾತಕ್ಕೆ ದೊಡ್ಡ ನಮಸ್ಕಾರ. ಅಲ್ಲಿಗೆ ಪ್ರಮಾಣಪತ್ರವೂ ಹೋಯಿತು.

ಆದ್ದರಿಂದ ದಯಮಾಡಿ ತಾವು ಔಷಧಿಯ ಡಬ್ಬಿಗಳಿಂದ ಸದ್ದಿಲ್ಲದೆ ಎದ್ದುಹೋಗಬೇಕಾಗಿಯೂ, ಅಷ್ಟು ದೂರ ಹೋಗಲಾರಿರಾದರೆ ಕನಿಷ್ಠ ರಸ್ತೆಯ ಆಚೆ ಬದಿಯನ್ನಾದರೂ ಖಾಲಿ ಮಾಡಬೇಕಾಗಿಯೂ, ಅದೂ ಕಷ್ಟವೆಂದರೆ ಒಂದು ದಿನ ಬಿಡುವು ಮಾಡಿಕೊಂಡು ಸಾಹೇಬರ ಕಚೇರಿಗೆ ಖುದ್ದಾಗಿ ಬಂದು ನನ್ನ ಪರವಾಗಿ ನಾಲ್ಕೂ ಕೈಯಿಂದ ರುಜು ಹಾಕಬೇಕಾಗಿಯೂ ಪ್ರಾರ್ಥನೆ.

ತಮ್ಮನ್ನು ತರಕಾರಿಯಾಗಿ ತೂಗಿ, ಚೀಲವಾಗಿ ಪುಕ್ಕಟೆ ಕೊಡುವ,
ತಮ್ಮ ವಿಶ್ವಾಸಿ,
ಫಲಕವಿಲ್ಲದ ಅಂಗಡಿಯವನು

ತಾ.ಕ.: ಎಷ್ಟು ದುಡ್ಡು ಕೈಬಿಟ್ಟಿತೆಂದು ಕೇಳಿದ ಹೆಂಡತಿಗೆ ‘ನಾಲ್ಕು ಮೂಟೆ ಈರುಳ್ಳಿಯಷ್ಟು’ ಎಂದು ಹೇಳಿ, ಮೂಟೆಯ ಗಾತ್ರ ಹೇಳದೆ ಜಾರಿಕೊಂಡಿದ್ದೇನೆ. ನೋಟಿನ ಕಾಗದದಲ್ಲೂ ತಾವೇ ಇದ್ದೀರೆಂದು ಮೇಡಂ ಹೇಳಿರುವುದರಿಂದ ತಮ್ಮ ಮುಂದೆ ಮುಚ್ಚುಮರೆ ಏಕೆ? ಶುಲ್ಕವೆಂದೂ ಫಲಕವೆಂದೂ ದಂಡವೆಂದೂ ನನ್ನ ಗಲ್ಲಾಪೆಟ್ಟಿಗೆಯಿಂದ ಎದ್ದುಹೋದ ತಾವು, ದಂಡ ಕಟ್ಟಲು ಷಡ್ಡಕನಿಂದಲೇ ಕೈಗಡ ತಂದದ್ದೂ ಸೇರಿ, ಒಟ್ಟು ನಲವತ್ತೊಂದು ಸಾವಿರದ ಇನ್ನೂರು.