ಭೀಮ್ಯಾನ ಅಂಜಿಕೆ

ಅಂಜುಬುರುಕರಲ್ಲಿ ಎರಡು ಬಗೆ: ಅಂಜಿ ಓಡುವವರು, ಅಂಜಿ ಕಚ್ಚುವವರು. ನಾನು ಮೊದಲನೆಯ ಬಗೆ, ನಮ್ಮ ನಾಯಿ ಭೀಮ್ಯಾ ಎರಡನೆಯದು. ಧಾರವಾಡದಿಂದ ಪುಣೆಗೆ ವರ್ಗವಾಗಿ ಹೊರಟಾಗ ಕಾವಲಿಗಿರಲೆಂದು ಮಾವನವರು ಕೊಟ್ಟ ಮರಿ ಅದು. ಗುಡುಗಿದರೆ ಹೋಗಿ ನನ್ನ ಹೆಂಡತಿಯ ಬೆನ್ನ ಹಿಂದೆ ಅಡಗುತ್ತದೆ. ಆ ಜಾಗ ನನಗೂ ಬೇಕಾಗುವುದರಿಂದ ಮಳೆಗಾಲದಲ್ಲಿ ನಮ್ಮಿಬ್ಬರದು ಅಷ್ಟಕ್ಕಷ್ಟೆ.

ಹೊರಗಿನವರು ಬಂದರೆ ಮಾತ್ರ ಅದು ಹುಲಿ. ಟಪಾಲಿನವನ ಧೋತರ ಹರಿಯಿತು, ಹಾಲಿನವನು ಹೊಸ್ತಿಲ ಆಚೆಯೇ ಹಾಲಿಟ್ಟು ಓಡತೊಡಗಿದ. ನಾನೇನು ಕೈಕಟ್ಟಿ ಕೂತವನಲ್ಲ. ಯಾರೇ ಬರಲಿ, ಸರಪಳಿ ಬಿಗಿಹಿಡಿದು, ನನಗೆ ಬರುವಷ್ಟು ಮರಾಠಿಯಲ್ಲಿ 'ಯಾ, ಯಾ, ಬಸಾ' ಎಂದು ಒಳಗೆ ಕರೆದು ಕೂರಲು ಉಪಚರಿಸುತ್ತಿದ್ದೆ. ಕಚೇರಿಯಲ್ಲಿ ಇಂಗ್ಲಿಷ್ ಸಾಹೇಬನಿಗೆ 'ಎಸ್ ಸರ್' ಒಂದೇ ಸಾಕು, ಮರಾಠಿಗೆ ಅಷ್ಟು ಸಾಲದು. ಆ ಭಾಷೆಯಲ್ಲಿ ಕುರ್ಚಿ ಹೆಣ್ಣು, ಮಣೆ ಗಂಡು ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ಬೆವರೊಡೆದು ದನಿ ತಾರಕಕ್ಕೇರುತ್ತಿತ್ತು. ಅಷ್ಟೊತ್ತಿಗೆ ಭೀಮ್ಯಾ ಎಗರಿ ಆಗಿರುತ್ತಿತ್ತು.

ಕೊನೆಗೆ ನಾವು ಬಾಡಿಗೆಗಿದ್ದ ವಾಡೆಯ ಮಾಲಕರಾದ ಅಣ್ಣಾಸಾಹೇಬರು, ರವಿವಾರ ತಾವೇ ಬಂದು ನೋಡುವುದಾಗಿ ಮಹಡಿಯಿಂದ ಹೇಳಿಕಳಿಸಿದರು. ತಮ್ಮ ಮೇಲೂ ಹಾರಿದರೆ ಅಂದೇ ನಾಯಿ ವಾಡೆ ಬಿಡಬೇಕು. ಎಷ್ಟು ಬೈದರೂ ಭೀಮ್ಯಾ ನನ್ನದು. ಈ ಊರಲ್ಲಿ ನನ್ನ ಮಾತನ್ನು ಬೇಸರವಿಲ್ಲದೆ ಕೇಳುವ ಜೀವ ಅದೊಂದೇ.

ರವಿವಾರ ಅಣ್ಣಾಸಾಹೇಬರು ಪಗಡಿ ಸಮೇತ ಬಂದರು. ಎರಡು ದಿನ ಉರುಹೊಡೆದ ಸ್ವಾಗತವನ್ನು ಶುರುಮಾಡಿದೆ. ಭೀಮ್ಯಾ ಹಲ್ಲು ಕಿಸಿದು ಸರಪಳಿ ಜಗ್ಗಿತು. ನಾನು ಇನ್ನೂ ಜೋರಾಗಿ ಮರಾಠಿ ಆಡಿದೆ, ಅದು ಇನ್ನೂ ಜೋರಾಗಿ ಬೊಗಳಿತು. ಹೆಂಡತಿ ಒಳಗಿನಿಂದ ಬಂದಳು.

"ನೀವೊಂದೀಟು ಸುಮ್ಮನಿರ್ರಿ. ಅದು ಮಂದಿಗೆ ಅಂಜೂದಿಲ್ಲ, ನಿಮ್ಮ ಮರಾಠಿಗೆ ಅಂಜತದ."

ನಾನು ಬಾಯಿ ಮುಚ್ಚಿದೆ. ಭೀಮ್ಯಾನೂ ಮುಚ್ಚಿತು. ಏನೆಂದಳೆಂದು ಅಣ್ಣಾಸಾಹೇಬರು ಕೇಳಿದಾಗ, ನಳದ ಕಟ್ಟೆಯಲ್ಲಿ ಕಲಿತ ನಿರರ್ಗಳ ಮರಾಠಿಯಲ್ಲಿ ಅವಳೇ ವಿವರಿಸಿದಳು. ಅದನ್ನು ಕೇಳಿ ಭೀಮ್ಯಾ ಬಾಲ ಅಲ್ಲಾಡಿಸಿತು. ಅಣ್ಣಾಸಾಹೇಬರು ನಗಲಿಲ್ಲ. ಬಗ್ಗಿ ಅದರ ತಲೆ ಸವರುತ್ತ, ಪಾಪ, ಇದಾದರೂ ಬೊಗಳಿ ಹಗುರಾಗುತ್ತದೆ, ನಾವು ನಾಲ್ಕು ವರ್ಷದಿಂದ ಸುಮ್ಮನೆ ಕೇಳುತ್ತಿದ್ದೇವೆ ಎಂದರು.

ನಾಯಿ ಉಳಿಯಿತು. ಈಗ ಯಾರಾದರೂ ಬಂದರೆ ಅದು ಅವರ ಕಾಲ ಬಳಿ ಮಲಗುತ್ತದೆ, ನಾನು ಕೈಮುಗಿದು ಹಲ್ಲು ಬಿಡುತ್ತೇನೆ. ವಾಡೆಗೆ ಹೊಸದಾಗಿ ಬಂದ ಹೆಂಗಸೊಬ್ಬರು ಮೊನ್ನೆ ಹೆಂಡತಿಯನ್ನು, ನಿಮ್ಮ ಯಜಮಾನರಿಗೆ ಮಾತು ಬರುವುದಿಲ್ಲವೇ ಎಂದು ಮರುಕದಿಂದ ಕೇಳಿದರಂತೆ. ಬರುತ್ತದೆ, ಕಟ್ಟಿಹಾಕಿದ್ದೇವೆ ಎಂದಳಂತೆ.